ಒಂಬತ್ತು ತಿಂಗಳು ಹೆಚ್ಚು

ಸೆಪ್ಟೆಂಬರ್ 2, ಮಂಗಳವಾರ

ಈ ನೋಟ್‌ಬುಕ್ಕು ತಂದದ್ದು ಪಾಠಟಿಪ್ಪಣಿ ಬರೆಯಲು. ಅದರಲ್ಲೀಗ ನನ್ನ ಹೊಟ್ಟೆಯ ಸಂಕಟ ಬರೆಯಲು ಕೂತಿದ್ದೇನೆ. ಬಾಯಿಬಿಟ್ಟು ಹೇಳಿದರೆ ಅಳು ಬರುತ್ತದೆ. ಐವತ್ತು ದಾಟಿದ ಮೇಡಂ ಅತ್ತರೆ ಊರಿಗೆಲ್ಲ ತಮಾಷೆ.

ಬಿಸಿಯೂಟದ ಹೊತ್ತಿನಲ್ಲಿ ಹೆಡ್‌ಮೇಡಂ ಸಿದ್ದಗಂಗಮ್ಮನವರು ಪೇಪರು ಓದಿದರು. ನಿನ್ನೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವವರೆಲ್ಲ ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಲೇಬೇಕು. ಆ ಪರೀಕ್ಷೆ ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದವರನ್ನೂ ಬಿಟ್ಟಿಲ್ಲ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಎರಡು ವರ್ಷದೊಳಗೆ ಪಾಸಾಗಬೇಕು, ಇಲ್ಲದಿದ್ದರೆ ಮನೆಗೆ. ಐದಕ್ಕಿಂತ ಕಡಿಮೆ ಉಳಿದವರು ಪಾರು. ಅವರಿಗೆ ಬಡ್ತಿ ಇಲ್ಲ, ಅಷ್ಟೆ.

ಸಿದ್ದಗಂಗಮ್ಮನವರಿಗೆ ಉಳಿದಿರುವುದು ಎರಡೂವರೆ ವರ್ಷ. ಓದಿ ಮುಗಿಸಿ, ಕನ್ನಡಕ ಒರೆಸಿಕೊಂಡು, "ಸದ್ಯ" ಎಂದರು.

ಸರ್ವೀಸ್ ರಿಜಿಸ್ಟರಿನಲ್ಲಿ ನನ್ನ ಹುಟ್ಟಿದ ತಾರೀಕು 1-6-1971. ಅಲ್ಲಿಗೆ ನಿವೃತ್ತಿ 2031ರ ಮೇ ಕೊನೆಗೆ. ಐದು ವರ್ಷ ಒಂಬತ್ತು ತಿಂಗಳು. ಆನೆ ಹೋಗಿ ಬಾಲ ಸಿಕ್ಕಿಕೊಂಡಿತು. ಒಂಬತ್ತು ತಿಂಗಳು ಹೆಚ್ಚು, ಒಂದು ಬಸಿರಿನ ಕಾಲ. ಬೆರಳು ಮಡಿಚಿ ನಾಲ್ಕು ಸಲ ಎಣಿಸಿದರೂ ಕಡಿಮೆಯಾಗಲಿಲ್ಲ. ಮಧ್ಯಾಹ್ನ ಗಲಾಟೆ ಮಾಡಿದರೆಂದು ಐದನೇ ಕ್ಲಾಸಿನವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದೆ. ಗಲಾಟೆ ಅಂಥದ್ದೇನೂ ಇರಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ನನ್ನ ನಿಜವಾದ ವಯಸ್ಸು ಇಲ್ಲಿ ಬರೆದರೆ ಯಾರು ನೋಡುತ್ತಾರೆ? ಬರೆಯುತ್ತೇನೆ. ನಾನು ಹುಟ್ಟಿದ್ದು ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷ, ಅದೇ ಆಷಾಢದಲ್ಲಿ. ಪಟೇಲರ ಮನೆಯ ರೇಡಿಯೋದಲ್ಲಿ ಆ ಸುದ್ದಿ ಕೇಳಿಕೊಂಡು ಬಂದ ಅಪ್ಪನಿಗೆ ಹೆಣ್ಣು ಹುಟ್ಟಿತೆಂದು ಹೇಳಿದರಂತೆ. ಅಂದರೆ 1969.

ಆಗೆಲ್ಲ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿದರೆ ಸ್ಕೂಲಿಗೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಕೈ ಕಿವಿಯನ್ನು ಮುಟ್ಟುವುದಿರಲಿ, ಹಿಡಿದು ಎಳೆಯುವಷ್ಟು ಬೆಳೆದಿತ್ತು. ಆದರೂ ಅಪ್ಪ ಮೇಷ್ಟ್ರ ಕೈಕಾಲು ಹಿಡಿದು ಎರಡು ವರ್ಷ ಮುರಿಸಿ ಬರೆಸಿದರು. ಮಗಳಿಗೆ ಮುಂದೆ ಸರ್ಕಾರಿ ಕೆಲಸ ಸಿಕ್ಕರೆ ಎರಡು ವರ್ಷ ಸರ್ವೀಸು ಹೆಚ್ಚು ಸಿಗಲಿ ಅಂತ. ನಮ್ಮ ಕಡೆ ಬುದ್ಧಿವಂತ ಅಪ್ಪಂದಿರು ಮಾಡುತ್ತಿದ್ದದ್ದೇ ಅದು. ಇವತ್ತು ಆ ಬುದ್ಧಿವಂತಿಕೆ ನನ್ನ ಕುತ್ತಿಗೆಗೆ ಬಂದಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಸಿದ್ದರೆ ನಾನೂ ಸಿದ್ದಗಂಗಮ್ಮನ ಹಾಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಸೆಪ್ಟೆಂಬರ್ 5, ಶುಕ್ರವಾರ

ಕೊರಟಗೆರೆಯಲ್ಲಿ ಶಿಕ್ಷಕರ ದಿನಾಚರಣೆ. ಹಾರ, ಶಾಲು, ಕೇಸರಿಬಾತು ಎಲ್ಲ ಇತ್ತು. ನಗು ಮಾತ್ರ ಯಾರ ಮುಖದಲ್ಲೂ ಇರಲಿಲ್ಲ. ಸಂಘದವರೊಬ್ಬರು ಮೈಕಿನಲ್ಲಿ ಧೈರ್ಯ ತುಂಬಿದರು: ಇದು ಮಹಾರಾಷ್ಟ್ರ, ತಮಿಳುನಾಡಿನವರ ಕೇಸಿನಲ್ಲಿ ಬಂದ ತೀರ್ಪು, ನಮ್ಮನ್ನು ನೇಮಿಸಿದ್ದು ಕರ್ನಾಟಕ ಸರ್ಕಾರ, ಹೆದರಬೇಡಿ. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಶಾಲೆಯ ಅತಿಥಿ ಶಿಕ್ಷಕ ಹುಡುಗ, ಅಂಜನ್ ಕುಮಾರ್, ಹಿಂದಿನ ಸೀಟಿನಲ್ಲಿ ಕೂತಿದ್ದ. ತೋವಿನಕೆರೆಯ ಕಾಲನಿಯವನು. ಟಿಇಟಿಯಲ್ಲಿ ನೂರ ಹದಿನೆಂಟು ಅಂಕ ತೆಗೆದು ಎಷ್ಟೋ ಕಾಲವಾಗಿದೆ, ಇನ್ನೂ ಕಾಯಂ ಕೆಲಸವಿಲ್ಲ. ನಾನು ಕೇಳದಿದ್ದರೂ ಬಾಯಿ ಹಾಕಿದ.

"ಅದು ಹಂಗಲ್ಲ ಮೇಡಂ. ನೂರ ನಲವತ್ತೊಂದನೇ ವಿಧಿ. ಯಾರ ಕೇಸಲ್ಲಿ ಹೇಳಿದ್ರೂ ಸುಪ್ರೀಂ ಕೋರ್ಟ್ ಹೇಳಿದ್ದು ಇಡೀ ದೇಶಕ್ಕೆ ಕಾನೂನು."

ನನಗೆ ಗೊತ್ತಿಲ್ಲವೇ? ಏಳನೇ ಕ್ಲಾಸಿಗೆ ಸಂವಿಧಾನದ ಪಾಠ ಮಾಡುವವಳು ನಾನು. ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೋ, ಮಕ್ಕಳ ಕೈಲಿ ಎಷ್ಟು ಸಲ ಒಪ್ಪಿಸಿದ್ದೇನೋ. ಆದರೆ ಅದು ನನ್ನ ಮನೆ ಬಾಗಿಲಿಗೆ ಬರಬಹುದು ಅಂತ ಒಂದು ದಿನವೂ ಅನಿಸಿರಲಿಲ್ಲ. ಶಿಕ್ಷಣ ರಾಜ್ಯದ ಕೈಯಲ್ಲಿಲ್ಲವೇ ಎಂದು ವಾದಿಸಿದೆ. ಎಪ್ಪತ್ತಾರನೇ ಇಸವಿಯಿಂದ ಅದು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ, ಇಬ್ಬರ ಕಾನೂನಿಗೂ ಜಗಳ ಬಿದ್ದರೆ ಸಾಮಾನ್ಯವಾಗಿ ದಿಲ್ಲಿಯದ್ದೇ ಮೇಲು, ಶಿಕ್ಷಣ ಹಕ್ಕು ಕಾಯ್ದೆ ದಿಲ್ಲಿಯದು ಎಂದ. ಕಿಟಕಿಯಾಚೆ ನೋಡಿದೆ.

ಇವನಿಗೇನು, ನಾನು ಎದ್ದರೆ ಕುರ್ಚಿ ಖಾಲಿ.

ಸೆಪ್ಟೆಂಬರ್ 14, ಭಾನುವಾರ

ತಾವರೆಕೆರೆಗೆ ಹೋಗಿ ಅಮ್ಮನನ್ನು ನೋಡಿ ಬಂದೆ. ನೋಡಲು ಹೋದದ್ದಲ್ಲ, ಕೆಲಸಕ್ಕೆ ಹೋದದ್ದು. ತಾಯಿ ಅಫಿಡವಿಟ್ ಕೊಟ್ಟರೆ ಹುಟ್ಟಿದ ತಾರೀಕು ತಿದ್ದಿಸಬಹುದು ಎಂದು ಯಾರೋ ವಾಟ್ಸಾಪಿನಲ್ಲಿ ಹಾಕಿದ್ದರು. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆಯೇ.

ಅಮ್ಮ ಮಹಾಲಕ್ಷ್ಮಮ್ಮನಿಗೆ ಎಂಬತ್ತೈದರ ಮೇಲಾಗಿದೆ. ತಮ್ಮನ ಮಕ್ಕಳಿಗೆ ಇನ್ನೂ ಅವಳೇ ಜಡೆ ಹಾಕುತ್ತಾಳೆ. ಎಲ್ಲ ಬಿಡಿಸಿ ಹೇಳಿದೆ. ಬಾಚಣಿಗೆ ಕೆಳಗಿಟ್ಟಳು.

"ಅಂಗಂದ್ರೆ ನಿಮ್ಮಪ್ಪ ಸುಳ್ಳು ಬರೆಸಿದ್ರು ಅಂತ ನಾನು ಎಬ್ಬೆಟ್ಟು ಒತ್ತಬೇಕು ಅನ್ನು."

ಸುಳ್ಳಲ್ಲವೇನಮ್ಮ ಎಂದೆ.

"ನಿನಗೋಸ್ಕರ ಮಾಡಿದ್ದು ಕಣಮ್ಮ ಅದು. ಸತ್ತೋರ ಮೇಲೆ ನಾನು ಸಾಕ್ಷಿ ಹೇಳಾಕಿಲ್ಲ. ಬುಡು ಆ ಮಾತ."

ನನಗೆ ಸಿಟ್ಟು ಬಂತು. ಕಾಫಿಯನ್ನೂ ಕುಡಿಯದೆ ಎದ್ದು ಬಂದೆ. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕಾದರೂ ಸಿಟ್ಟು ಇಳಿಯಲಿಲ್ಲ, ಮಧುಗಿರಿ ಬಸ್ಸು ಹತ್ತಿದ ಮೇಲೆ ಅಳು ಬಂತು. ಮನೆಗೆ ಬಂದಾಗ ತಮ್ಮನ ಫೋನು. ಅಮ್ಮ ಆಗಿನಿಂದ ಊಟ ಮಾಡಿಲ್ಲವಂತೆ. ಅವಳ ಕೈಗೇ ಕೊಟ್ಟ. "ಒತ್ತುತೀನಿ ಕಣಮ್ಮ. ನಿಮ್ಮಪ್ಪ ಬೈದ್ರೆ ಬೈಸ್ಕತೀನಿ" ಎಂದಳು.

ಸೆಪ್ಟೆಂಬರ್ 19, ಶುಕ್ರವಾರ

ಮಧುಗಿರಿ ಕೋರ್ಟಿನ ಹತ್ತಿರ ವಕೀಲ ಚಂದ್ರಶೇಖರಯ್ಯನವರನ್ನು ಯಜಮಾನರ ಜೊತೆ ಹೋಗಿ ಕಂಡೆ. ಯಜಮಾನರು ವೀರಭದ್ರಸ್ವಾಮಿಯ ಪೂಜೆ ಮಾಡಿಕೊಂಡಿರುವವರು, ಕೋರ್ಟು ಕಚೇರಿ ಎಂದರೆ ಬೆವರುತ್ತಾರೆ. ಬಾಗಿಲಲ್ಲೇ ನಿಂತರು.

ವಕೀಲರು ಎರಡೇ ಮಾತಿನಲ್ಲಿ ಮುಗಿಸಿದರು. ತಾರೀಕು ತಿದ್ದಿಸುವುದಿದ್ದರೆ ಕೆಲಸಕ್ಕೆ ಸೇರಿದ ಮೂರು ವರ್ಷದೊಳಗೆ ಕೇಳಬೇಕಿತ್ತು. ನಾನು ಸೇರಿ ಇಪ್ಪತ್ತೆಂಟು ವರ್ಷ. ಸರ್ವೀಸಿನ ಕೊನೆಯಲ್ಲಿ ಬಂದು ಕೇಳಿದರೆ ಒಪ್ಪಬಾರದು ಎಂದು ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದೆಯಂತೆ, ನಮ್ಮ ಕರ್ನಾಟಕದವರ ಕೇಸಿನಲ್ಲೇ ಹೇಳಿದೆಯಂತೆ. ಹೊರಗೆ ತಳ್ಳಿದವರೂ ಅವರೇ, ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದವರೂ ಅವರೇ.

ಅಮ್ಮನಿಗೆ ಫೋನು ಮಾಡಿ ಎಬ್ಬೆಟ್ಟು ಬೇಡ ಎಂದೆ. ಆ ಕಡೆ ಅವಳು ಉಸಿರುಬಿಟ್ಟದ್ದು ಕೇಳಿಸಿತು.

ಸೆಪ್ಟೆಂಬರ್ 29, ಸೋಮವಾರ

ಒಂದು ವಾರದಿಂದ ಮನೆಮನೆ ಸಮೀಕ್ಷೆ. ಜಾತಿ, ಓದು, ಜಮೀನು ಅಂತ ಅರವತ್ತು ಪ್ರಶ್ನೆ, ಮೊಬೈಲಿನಲ್ಲೇ ತುಂಬಬೇಕು. ನೆಟ್‌ವರ್ಕು ಸಿಗದೆ ಗುಡ್ಡ ಹತ್ತಿ ಇಳಿದು ಮಂಡಿ ನೋವು.

ದಾಸಮ್ಮ ಎಂಬ ಮುದುಕಿಯನ್ನು ವಯಸ್ಸು ಕೇಳಿದೆ. "ನೀನೇ ಏನಾರ ಒಂದು ಬರ್ಕೊ ತಾಯಿ, ನಂಗೇನು ಗೊತ್ತು" ಎಂದಳು. ಮುಖ ನೋಡಿ ಎಪ್ಪತ್ತೆರಡು ಎಂದು ಒತ್ತಿದೆ. ಮುಂದೆ ಯಾವ ಕಾಲಕ್ಕೆ, ಯಾವ ಕೋರ್ಟಿನಲ್ಲಿ, ಈ ಎಪ್ಪತ್ತೆರಡು ಯಾರ ಕುತ್ತಿಗೆಗೆ ಬರುತ್ತದೋ. ಒಬ್ಬ ಮೇಷ್ಟ್ರು ಹಾಗೆಯೇ ಅಪ್ಪನ ಮುಖ ನೋಡಿ ಬರೆದದ್ದಲ್ಲವೇ ನನ್ನದೂ. ಅಲ್ಲೇ ಕೂತು ಮಕ್ಕಳೆಷ್ಟು, ದೊಡ್ಡವನು ಯಾವಾಗ ಹುಟ್ಟಿದ, ಮದುವೆಯಾದಾಗ ಎಷ್ಟು ವಯಸ್ಸು ಎಂದು ಅರ್ಧ ಗಂಟೆ ಕೆದಕಿದೆ. ಎಪ್ಪತ್ತೊಂಬತ್ತು ಎಂದು ತಿದ್ದಿದೆ. ಇದರಿಂದ ಇವತ್ತು ನಾಲ್ಕೇ ಮನೆಯಾಯಿತು. ಮೇಲಿನವರು ಬೈಯುತ್ತಾರೆ.

ಅಕ್ಟೋಬರ್ 27, ಸೋಮವಾರ

ಪರೀಕ್ಷೆಗೆ ಅರ್ಜಿ ಹಾಕಿದೆ. ಹಾಕುವಾಗ ಸೈಬರ್ ಅಂಗಡಿಯವನು "ಮಗಳಿಗಾ ಮೇಡಂ?" ಎಂದ. ಹೂಂ ಎಂದುಬಿಟ್ಟೆ. ಆಮೇಲೆ ಫೋಟೋ ಕೇಳಿದ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದೆ. ನೂರೈವತ್ತಕ್ಕೆ ಐವತ್ತೆಂಟು. ತೊಂಬತ್ತು ಬೇಕು. ಗಣಿತ ಕಣ್ಣುಕಟ್ಟಿ ಕಾಡಿಗೆ ಬಿಟ್ಟ ಹಾಗಿದೆ. ಇಂಗ್ಲಿಷಿನ ಮಾತು ಬೇಡ.

ಬೇರೆ ದಾರಿ ಕಾಣದೆ ಅಂಜನ್ ಕುಮಾರನನ್ನು ಕೇಳಿದೆ, ಸಂಜೆ ಅರ್ಧ ಗಂಟೆ ಹೇಳಿಕೊಡುತ್ತೀಯೇನಪ್ಪ ಅಂತ. ತಕ್ಷಣ ಒಪ್ಪಿದ. ತಕ್ಷಣ ಒಪ್ಪಿದ್ದಕ್ಕೇ ನನಗೆ ಅನುಮಾನ. ಹೊಟ್ಟೆಯಲ್ಲಿ ಇಟ್ಟುಕೊಂಡು ಅಭ್ಯಾಸವಿಲ್ಲ, ಕೇಳಿಯೇಬಿಟ್ಟೆ: ನಾನು ಫೇಲಾದರೆ ನಿನಗೆ ಜಾಗವಾಗುತ್ತದಲ್ಲ, ನನಗೇಕೆ ಹೇಳಿಕೊಡುತ್ತೀಯ?

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಜಾಗ ಖಾಲಿ ಆದ್ರೂ ನನಗೆ ಬರಲ್ಲ ಮೇಡಂ. ನನ್ನ ಹಣೆಬರಹ ಇನ್ನೊಂದು ತೀರ್ಪಲ್ಲೈತೆ" ಎಂದ. ಪರಿಶಿಷ್ಟ ಜಾತಿಗಳೊಳಗೆ ಒಳಮೀಸಲಾತಿ ಹಂಚುವ ಅಧಿಕಾರ ರಾಜ್ಯಕ್ಕಿದೆ ಎಂದು ಹೋದ ವರ್ಷ ಸುಪ್ರೀಂ ಕೋರ್ಟು ಹೇಳಿತಲ್ಲ, ಆಮೇಲೆ ಹಂಚಿಕೆ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ನಿಲ್ಲಿಸಿದರು. ಅವರ ಮನೆಯವರು ಆ ತೀರ್ಪಿಗಾಗಿ ಇಪ್ಪತ್ತು ವರ್ಷ ಕಾದವರು, ಬಂದ ದಿನ ಸಿಹಿ ಹಂಚಿದವರು. ಈಗ ಅದರಿಂದಲೇ ಮತ್ತೆ ಕಾಯುತ್ತಿದ್ದಾನೆ. ಅರ್ಜಿ ಹಾಕುವ ವಯಸ್ಸು ಮೀರಿಹೋಗುತ್ತದೆಂಬ ಭಯ ಅವನಿಗೆ.

ನನಗೆ ವಯಸ್ಸು ಸಾಲದು, ಅವನಿಗೆ ವಯಸ್ಸು ಮೀರುತ್ತದೆ. ಇಬ್ಬರೂ ಭಿನ್ನರಾಶಿಯಿಂದ ಶುರು ಮಾಡಿದೆವು.

ನವೆಂಬರ್ 12, ಬುಧವಾರ

ತೀರ್ಪಿನ ಕನ್ನಡ ಸಾರಾಂಶವನ್ನು ಅಂಜನ್ ಕುಮಾರ್ ತಂದುಕೊಟ್ಟರು. ಮಗುವಿಗೆ ಶಿಕ್ಷಣ ಮೂಲಭೂತ ಹಕ್ಕು, ಒಳ್ಳೆಯ ಶಿಕ್ಷಣವೆಂದರೆ ಅರ್ಹ ಶಿಕ್ಷಕರು, ಅದಕ್ಕೇ ಈ ಪರೀಕ್ಷೆ ಎಂದಿದೆ. ಓದಿ ಮೈ ಉರಿಯಿತು. ಇಪ್ಪತ್ತೆಂಟು ವರ್ಷದಿಂದ ಈ ಮಕ್ಕಳ ಮೂಗು ಒರೆಸಿ ಅಕ್ಷರ ತಿದ್ದಿಸಿದ್ದು ಕೋರ್ಟೇ? ಮಕ್ಕಳ ಹಕ್ಕಂತೆ, ನನ್ನಿಂದ ಕಾಪಾಡುತ್ತಾರಂತೆ.

ಇವತ್ತು ಶಿಕ್ಷಣ ಹಕ್ಕು ಕಾಯ್ದೆ ಓದಿದೆವು. ಹದಿನೇಳನೇ ಸೆಕ್ಷನ್ ಏನು ಎಂದು ಕೇಳಿದರು. ಮಗುವಿಗೆ ದೈಹಿಕ ಶಿಕ್ಷೆಯಾಗಲೀ ಮಾನಸಿಕ ಹಿಂಸೆಯಾಗಲೀ ಕೊಡಕೂಡದು ಎಂದು ಥಟ್ಟನೆ ಹೇಳಿದೆ. ಒಂದಂಕ ಖಾತ್ರಿ. ಅದಕ್ಕೂ ಮುಂಚೆ ಕೊನೇ ಪಿರಿಯಡ್ಡಿನಲ್ಲಿ ಐದನೇ ಕ್ಲಾಸಿನ ಲೋಹಿತಾ ಎಂಟರ ಮಗ್ಗಿಯಲ್ಲಿ ಮತ್ತೆ ತಪ್ಪಿದಳು. ಅಂಗೈಗೆ ಎರಡು ಕೊಟ್ಟೆ. ಕೊಡದಿದ್ದರೆ ಈ ಹುಡುಗಿಗೆ ಜನ್ಮಕ್ಕೆ ಬರುವುದಿಲ್ಲ.

ನವೆಂಬರ್ 25, ಮಂಗಳವಾರ

ಇನ್ನೊಂದು ಹಳೆಯ ಪತ್ರಿಕೆ ಬಿಡಿಸಿದೆ, ಎಪ್ಪತ್ತೊಂದು ಬಂತು. ಭಿನ್ನರಾಶಿಯಲ್ಲಿ ಅದೇ ತಪ್ಪು ಮೂರನೇ ಸಲ ಮಾಡಿದೆ. ಅಂಜನ್ ಸರ್ ಪೆನ್ನು ಕೆಳಗಿಟ್ಟಾಗ ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ. ಅವರು "ಇನ್ನೊಂದು ಸಲ ನೋಡಣ ಮೇಡಂ" ಎಂದರು, ಅಷ್ಟೆ. ಈ ಮನುಷ್ಯನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತೋ.

ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಯಜಮಾನರು ಸುಮ್ಮನೆ ಉಂಡರು. ಡಾಕ್ಟರು ಶುಗರ್ ಮಾತ್ರೆ ಹೆಚ್ಚಿಸಿದ್ದಾರೆ. ಬಸ್ಸಿನಲ್ಲಿ ಬರುವಾಗ ಯಾವ ಬೋರ್ಡು ಕಂಡರೂ ನಾಲ್ಕು ಉತ್ತರಗಳ ಪ್ರಶ್ನೆಯ ಹಾಗೆ ಕಾಣುತ್ತದೆ.

ಡಿಸೆಂಬರ್ 6, ಶನಿವಾರ

ಹೊಟ್ಟೆ ಕೆಟ್ಟಿದೆ. ಓದಿದ್ದೆಲ್ಲ ಮರೆತುಹೋಗಿದೆ. ವೀರಭದ್ರ, ಮಾನ ಕಾಪಾಡಪ್ಪ.

ಡಿಸೆಂಬರ್ 7, ಭಾನುವಾರ

ಮುಗಿಯಿತು. ಅಕ್ಷರ ಸೊಟ್ಟಗಿದ್ದರೆ ಇರಲಿ.

ತುಮಕೂರಿನ ಕೇಂದ್ರದ ಮುಂದೆ ಎಲ್ಲ ಮಗಳ ವಯಸ್ಸಿನವರು. ನನ್ನನ್ನು ನೋಡಿ ಒಬ್ಬಳು "ಆಂಟಿ, ಪೋಷಕರು ಆ ಕಡೆ ನಿಲ್ಲಬೇಕು" ಎಂದಳು. ಹಾಲ್‌ಟಿಕೆಟ್ ತೋರಿಸಿದೆ. ಪಾಪ, ಅವಳಿಗೇ ನಾಚಿಕೆಯಾಯಿತು. ನನ್ನ ಹಾಗೆ ಕೂದಲು ನೆರೆತವರು ಇನ್ನೂ ಏಳೆಂಟು ಜನರಿದ್ದರು. ನಾವು ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತಿದ್ದೆವು.

ಕೊಠಡಿಯ ಮೇಲ್ವಿಚಾರಕಿ ಮೂವತ್ತರ ಒಳಗಿನವಳು. ಗಡಿಯಾರ ನೋಡಲು ತಲೆ ಎತ್ತಿದರೆ, "ರೀ ಅಮ್ಮ, ಅಲ್ಲೇನು ನೋಡ್ತೀರಿ, ನಿಮ್ಮ ಪೇಪರ್ ನೋಡಿ" ಎಂದು ಗದರಿದಳು. ಎಲ್ಲರೂ ತಿರುಗಿದರು. ಆಮೇಲೆ ಹತ್ತು ನಿಮಿಷ ಯಾವ ಪ್ರಶ್ನೆಯೂ ತಲೆಗೆ ಹೋಗಲಿಲ್ಲ. ಗೊತ್ತಿದ್ದ ಎಂಟರ ಮಗ್ಗಿಯೇ ಮರೆತುಹೋಯಿತು. ಎಂಟೇಳಲ ಎಷ್ಟು ಎಂದು ಬೆರಳಲ್ಲಿ ಎಣಿಸಿದೆ, ನಾನು.

ಅರ್ಧ ಮುಗಿದಾಗ ಮೂತ್ರಕ್ಕೆ ಅವಸರವಾಯಿತು. ಶುಗರ್ ಇರುವವರಿಗೆ ಗೊತ್ತು ಅದೆಂಥ ಅವಸರ ಅಂತ. ಕೈ ಎತ್ತಬೇಕು ಅಂದುಕೊಂಡೆ. ಮತ್ತೆ ಗದರಿದರೆ? ಎತ್ತಿದ ಕೈ ಇಳಿಸಿದೆ. ಐವತ್ತಾರು ವರ್ಷದ ಹೆಂಗಸು, ಹೊರಗೆ ಹೋಗಬೇಕು ಎಂದು ಕೇಳಲು ಧೈರ್ಯವಿಲ್ಲದೆ ಕಾಲು ಹೆಣೆದುಕೊಂಡು ಒಂದು ಗಂಟೆ ಕೂತಿದ್ದೆ. ಕೊನೆಯ ಇಪ್ಪತ್ತು ಉತ್ತರಗಳ ವೃತ್ತವನ್ನು ಓದದೆ ತುಂಬಿದೆ. ಬೆಲ್ಲಾದ ಕೂಡಲೇ ಓಡಿದೆ. ಸೀರೆ ಒದ್ದೆಯಾಗಿತ್ತು. ಇದನ್ನು ಯಜಮಾನರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಡಿಸೆಂಬರ್ 10, ಬುಧವಾರ

ಹೊರಗೆ ಹೋಗಬೇಕಾದವರು ನನ್ನನ್ನು ಕೇಳದೆ ಎದ್ದು ಹೋಗಿ ಎಂದು ಐದನೇ ಕ್ಲಾಸಿಗೆ ಹೇಳಿದೆ. ಮೊದಮೊದಲು ಯಾರೂ ಏಳಲಿಲ್ಲ. ಆಮೇಲೆ ಏಳು ಜನ ಒಟ್ಟಿಗೆ ಎದ್ದರು. ಪಾಠ ಹಾಳು. ಸಿದ್ದಗಂಗಮ್ಮನವರು ಇದೇನು ಹೊಸ ಪದ್ಧತಿ ಎಂದರು. ಮಳೆಗಾಲ ಕಳೆದು ಚಳಿ ಶುರುವಾಗಿದೆ, ಮಕ್ಕಳಿಗೆ ಬೇಗ ಬೇಗ ಬರುತ್ತದೆ ಎಂದೆ.

ಫಲಿತಾಂಶ ಯಾವಾಗಲೋ. ಫೋನು ಟಣ್ ಎಂದರೆ ಓಡಿ ಹೋಗಿ ನೋಡುತ್ತೇನೆ.

ಜನವರಿ. ತಾರೀಕು ಬರೆಯಲು ಮನಸ್ಸಿಲ್ಲ.

ಎಂಬತ್ತಮೂರು. ಏಳು ಅಂಕ ಕಡಿಮೆ.

ಅಂಜನ್ ಸರ್ ಫೋನಿನಲ್ಲಿ ನೋಡಿ ಹೇಳಿದರು. ನೋಡಿದ ಮೇಲೆ ತುಂಬ ಹೊತ್ತು ತಲೆ ಎತ್ತಲಿಲ್ಲ, ಆಗಲೇ ಗೊತ್ತಾಯಿತು. ಆ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ಹಾಕಿರುವ ಮರುಪರಿಶೀಲನೆ ಅರ್ಜಿ ಏನಾಗುತ್ತದೋ ನೋಡಬೇಕು, ಇಪ್ಪತ್ತೇಳರ ಸೆಪ್ಟೆಂಬರಿನವರೆಗೆ ಕಾಲ ಇದೆ, ಇನ್ನೂ ಪರೀಕ್ಷೆ ಬರುತ್ತವೆ ಎಂದರು. ಹೌದು ಎಂದೆ. ಐವತ್ತೆಂಟರಿಂದ ಎಂಬತ್ತಮೂರಕ್ಕೆ ಬಂದಿದ್ದೀರಿ ಎಂದರು. ಅದಕ್ಕೂ ಹೌದು ಎಂದೆ. ನನಗೆ ಕಾಣುತ್ತಿದ್ದದ್ದು ಏಳು ಮಾತ್ರ.

ಯಜಮಾನರು ಹೋಗಲಿ ಬಿಡೇ ಎಂದರು. ಯಾರಿಗೂ ಹೇಳಬೇಡಿ, ಮಕ್ಕಳ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಸಿದ್ದಗಂಗಮ್ಮನವರು ಫೋನು ಮಾಡಿ ಬುದ್ಧಿ ಹೇಳಿದರು. ಇನ್ನೊಂದು ಸಲ ಆ ಕೊಠಡಿಯಲ್ಲಿ ಕೂರಬೇಕು.

ಮರುದಿನ

ರಜೆ ಹಾಕಬೇಕೆಂದಿದ್ದವಳು ಬಸ್ಸು ಹತ್ತಿಬಿಟ್ಟೆ. ಮೊದಲ ಪಿರಿಯಡ್ಡು ಐದನೇ ಕ್ಲಾಸು, ಗಣಿತ. ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದೆ. ಲೆಕ್ಕ ಬರೆಯಲು ಆಗಲಿಲ್ಲ. ತಿರುಗಿ ನಿಂತು ಹೇಳಿಬಿಟ್ಟೆ, ಯಾಕೆ ಹೇಳಿದೆನೋ ಗೊತ್ತಿಲ್ಲ. ನಾನೂ ಒಂದು ಪರೀಕ್ಷೆ ಬರೆದಿದ್ದೆ, ನಿನ್ನೆ ರಿಸಲ್ಟ್ ಬಂತು, ನಾನು ಫೇಲು ಎಂದೆ.

ಇಪ್ಪತ್ತಮೂರು ಮಕ್ಕಳೂ ಉಸಿರು ಹಿಡಿದು ಕೂತವು. ನಗುತ್ತಾರೆ ಅಂದುಕೊಂಡಿದ್ದೆ. ನಕ್ಕಿದ್ದರೆ ಚೆನ್ನಾಗಿತ್ತು. ಲೋಹಿತಾ ಎದ್ದು ನಿಂತಳು. ಈ ಹುಡುಗಿ ತಾನಾಗಿ ಎದ್ದು ನಿಂತದ್ದನ್ನು ನಾನು ಈ ವರ್ಷ ನೋಡಿಯೇ ಇಲ್ಲ.

"ಮಿಸ್, ನಿಮ್ಗೆ ಯಾರು ಹೊಡೀತಾರೆ?"

ತಮಾಷೆಗೆ ಕೇಳಿದ್ದಲ್ಲ. ಅವಳ ಮುಖದಲ್ಲಿ ಹೆದರಿಕೆ ಇತ್ತು, ನನಗೋಸ್ಕರ. ಎಲ್ಲ ಮಕ್ಕಳೂ ಉತ್ತರಕ್ಕೆ ಕಾಯುತ್ತಿದ್ದರು.

ಯಾರೂ ಹೊಡೆಯುವುದಿಲ್ಲ ಕಣಮ್ಮ, ಕೂತ್ಕೊ ಎಂದೆ. ಅವಳು ಕೂತಳು, ಆದರೆ ನಂಬಲಿಲ್ಲ. ಪಿರಿಯಡ್ಡು ಮುಗಿಯುವವರೆಗೂ, ನನ್ನನ್ನು ಹೊಡೆಯುವವರು ಎಲ್ಲಿ ಬಂದುಬಿಡುತ್ತಾರೋ ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದಳು.